ಬಕೆಟು, ಪೈಪು ಮತ್ತು ಮಾಸ್ಟ್ರ ಲಿವರು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಎಲ್ಲಿ ಹೋದಿರಿ ಎಂದು ಕೇಳಿದವರಿಗೆಲ್ಲ ಉತ್ತರಪತ್ರಿಕೆ ತಿದ್ದುವ ಕೆಲಸ ಎಂದು ಹೇಳಿ ತಪ್ಪಿಸಿಕೊಂಡೆವು. ನಿಜ ಸಂಗತಿ ಬೇರೆ ಇತ್ತು. ನಮ್ಮ ಮಾಸ್ಟ್ರಿಗೆ ಹುಷಾರಿರಲಿಲ್ಲ. ಈಗ ಬರೆಯಬಹುದು ಎಂದು ಅವರೇ ಹೇಳಿದ್ದಾರೆ. ಹೆಸರು ಹಾಕಬೇಡಿ, ಸುದ್ದಿ ಹಾಕಿ, ಮಕ್ಕಳಿಗೆ ಉಪಯೋಗ ಆದೀತು ಎಂದಿದ್ದಾರೆ. ಹಾಗಾಗಿ ಇದು.

ಮಾಸ್ಟ್ರು ಎಂದರೆ ನಮ್ಮ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಇವತ್ತು ಅದೇ ಶಾಲೆಯಲ್ಲಿ ಪಾಠ ಮಾಡುವ ನಾವು ಮೂವರೂ ಅವರ ಬೆಂಚಿನಿಂದ ಎದ್ದು ಬಂದವರು. ಒಬ್ಬರಿಗೆ ಭೌತಶಾಸ್ತ್ರ, ಒಬ್ಬರಿಗೆ ಗಣಿತ, ಒಬ್ಬರಿಗೆ ಕನ್ನಡ. ಮಾಸ್ಟ್ರ ಒಂದು ಕಾಯಿದೆ ಇತ್ತು. ಪಾಠ ಮುಗಿದ ಮೇಲೆ ಯಾರನ್ನಾದರೂ ಎಬ್ಬಿಸಿ, "ಈಗ ನಿನ್ನ ಮಾತಿನಲ್ಲಿ ಕನ್ನಡದಲ್ಲಿ ಹೇಳು ನೋಡುವ. ಹೇಳಲಿಕ್ಕೆ ಆಗದಿದ್ದರೆ ನಿನಗೆ ಅರ್ಥ ಆಗಲಿಲ್ಲ ಅಂತ ಲೆಕ್ಕ" ಎನ್ನುತ್ತಿದ್ದರು. ಪುಸ್ತಕದ ವಾಕ್ಯ ಒಪ್ಪಿಸಿದರೆ ಕುಳಿತುಕೊಳ್ಳಲು ಬಿಡುತ್ತಿರಲಿಲ್ಲ. ಆ ಕಾಯಿದೆ ಹೀಗೊಂದು ದಿನ ನಮಗೇ ತಿರುಗಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ಹೊಟ್ಟೆಯ ಉರಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನಲ್ಲಿ, ಅಂದರೆ ಯಕೃತ್ತಿನಲ್ಲಿ, ನಾಲ್ಕು ಸೆಂಟಿಮೀಟರಿನ ಒಂದು ಗಂಟು ಕಂಡಿತು. ಗಂಟು ಇದೆ ಎಂದಷ್ಟೇ ಸ್ಕ್ಯಾನಿಂಗ್ ಹೇಳಿತು. ಎಂಥದ್ದು ಎಂದು ಹೇಳಲಿಲ್ಲ. ಸಾಮಾನ್ಯವಾಗಿ ಮುಂದಿನ ಹೆಜ್ಜೆ ಬಣ್ಣದ ಔಷಧ ಕೊಟ್ಟು ಮಾಡುವ ಸಿ.ಟಿ. ಆದರೆ ಮಾಸ್ಟ್ರ ಕಿಡ್ನಿ ಮೊದಲೇ ದುರ್ಬಲ, ಅಯೋಡಿನ್ ಇರುವ ಆ ಔಷಧ ಅವರಿಗೆ ಬೇಡ ಎಂದಾಯಿತು. ಮಂಗಳೂರಿನ ಡಾಕ್ಟರು ಇನ್ನೊಂದು ದಾರಿ ಹೇಳಿದರು: ರಕ್ತನಾಳಕ್ಕೆ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಟ್ಟು, ಅವು ಹೋಗುವ ದಾರಿಯನ್ನು ಅಲ್ಟ್ರಾಸೌಂಡಿನಲ್ಲೇ ನೋಡುವುದು.

ಮಂಗಳೂರು ಎಂದೆವು. ಕಾಸರಗೋಡಿನ ನಮಗೆ ರಾಜ್ಯ ಕೇರಳವಾದರೂ ದೊಡ್ಡ ಆಸ್ಪತ್ರೆ ಎಂದರೆ ಹಿಂದಿನಿಂದಲೂ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ದಾರಿ ಮುಚ್ಚಿದಾಗ ಆ ಮಾತಿನ ತೂಕ ಇಲ್ಲಿನ ಮನೆಮನೆಗೂ ಗೊತ್ತಾಗಿತ್ತು. ಈಗ ದಾರಿ ತೆರೆದಿತ್ತು. ಆದರೆ ಮಾಸ್ಟ್ರೇ ಹೊರಡಲು ಒಪ್ಪಲಿಲ್ಲ!

"ರಕ್ತನಾಳಕ್ಕೆ ಗಾಳಿ ಹೋದರೆ ಸಾಯುತ್ತಾರೆ ಅಂತ ನಾನೇ ನಿಮಗೆ ಪಾಠ ಮಾಡಿದ್ದೇನೆ. ಈಗ ದುಡ್ಡು ಕೊಟ್ಟು ಗುಳ್ಳೆ ಹಾಕಿಸಿಕೊಳ್ಳಬೇಕಾ? ಕನ್ನಡದಲ್ಲಿ ತಿಳಿಸಿ ಹೇಳಿ. ಅರ್ಥ ಆದರೆ ಸಹಿ ಹಾಕುತ್ತೇನೆ" ಎಂದರು. ಒಳಗಿನಿಂದ ಅಕ್ಕ (ಮಾಸ್ಟ್ರ ಮನೆಯವರು, ಊರಿಗೆಲ್ಲ ಅಕ್ಕನೇ) ನಮ್ಮ ಮುಖ ನೋಡಿದರು. ಅವರ ಕಣ್ಣಿನಲ್ಲಿ ಬೇರೆಯೇ ಪ್ರಶ್ನೆ ಇತ್ತು. ಎರಡು ದಿನ ಸಮಯ ಕೇಳಿದೆವು. ಡಾಕ್ಟರನ್ನು ಮತ್ತೆ ಕಂಡೆವು, ಪುಸ್ತಕ ಹುಡುಕಿದೆವು, ಸ್ಟಾಫ್ ರೂಮಿನಲ್ಲಿ ಒಬ್ಬರಿಗೊಬ್ಬರು ಪಾಠ ಒಪ್ಪಿಸಿದೆವು. ಮೂರನೆಯ ದಿನ ಸಂಜೆ ಮಾಸ್ಟ್ರ ಜಗಲಿಯಲ್ಲಿ ಪರೀಕ್ಷೆಗೆ ಕುಳಿತೆವು.

ಮೊದಲ ಪ್ರಶ್ನೆ ಗಾಳಿಯದ್ದು. ಕನ್ನಡದವರು ಉತ್ತರಿಸಿದರು. ಬೇಲಿಯ ಕಾಡುಹರಳಿನ ದಂಟು ಮುರಿದು, ಅದರ ಹಾಲನ್ನು ಊದಿ ಗುಳ್ಳೆ ಬಿಡುವ ಆಟ ನಾವೆಲ್ಲ ಆಡಿದವರು. ಒಳಗೆ ಗಾಳಿ, ಹೊರಗೆ ತೆಳ್ಳಗಿನ ಪೊರೆ. ಇದೂ ಹಾಗೆಯೇ. ಪೊರೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಜಾತಿಯದ್ದು, ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ. ಈ ಅನಿಲ ರಕ್ತದಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ಗುಳ್ಳೆ ಕೆಲವು ನಿಮಿಷ ಬಾಳುತ್ತದೆ. ಗುಳ್ಳೆಯ ಸರಾಸರಿ ಅಡ್ಡಗಲ 2.5 ಮೈಕ್ರೋಮೀಟರ್. ನಮ್ಮ ಕೆಂಪು ರಕ್ತಕಣದ ಅಡ್ಡಗಲ 7ರಿಂದ 8. ರಕ್ತಕಣ ನುಗ್ಗುವ ಕಡೆಯೆಲ್ಲ ಗುಳ್ಳೆಯೂ ನುಗ್ಗುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಒಂದು ಮಿಲಿಲೀಟರ್ ಔಷಧದಲ್ಲಿ ಹತ್ತು ಕೋಟಿಗೂ ಹೆಚ್ಚು ಗುಳ್ಳೆಗಳಿದ್ದರೂ ಅವುಗಳ ಒಟ್ಟು ಅನಿಲ 8 ಮೈಕ್ರೋಲೀಟರ್ ಮಾತ್ರ. ಕೊಡುವುದು 2.4 ಮಿಲಿಲೀಟರ್.

"ಅಂದರೆ 19 ಮೈಕ್ರೋಲೀಟರ್" ಎಂದರು ಗಣಿತದವರು. "ಒಂದು ಹನಿ ನೀರಿನ ಅರ್ಧಕ್ಕಿಂತಲೂ ಕಡಿಮೆ, ಮಾಸ್ಟ್ರೇ."

"ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ?"

ಉಸಿರಿನಲ್ಲಿ. ಪೊರೆ ಒಡೆದ ಮೇಲೆ ಅನಿಲ ಶ್ವಾಸಕೋಶದಿಂದ ಹೊರಗೆ ಹೋಗುತ್ತದೆ. ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ. ಕಿಡ್ನಿಗೆ ಕೆಲಸವಿಲ್ಲ. ತೀವ್ರ ಅಲರ್ಜಿ ಆಗುವುದು ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ. ಅದಕ್ಕಾಗಿಯೇ ಪರೀಕ್ಷೆ ಮುಗಿದ ಮೇಲೂ ಅರ್ಧ ಗಂಟೆ ಕೂರಿಸುತ್ತಾರೆ. ಅದನ್ನೂ ಮುಚ್ಚಿಡದೆ ಹೇಳಿದೆವು. ಮಾಸ್ಟ್ರು ತಲೆಯಾಡಿಸಿದರು.

ಎರಡನೆಯ ಪ್ರಶ್ನೆ ಭೌತಶಾಸ್ತ್ರದವರಿಗೆ. "ರಕ್ತದ ಓಟ ನೋಡಲಿಕ್ಕೆ ಡಾಪ್ಲರ್ ಇದೆಯಲ್ಲ? ಗುಳ್ಳೆ ಯಾಕೆ?"

ಸರಿಯಾದ ಪ್ರಶ್ನೆಯೇ. ರೈಲು ಹತ್ತಿರ ಬರುವಾಗ ಶಿಳ್ಳೆ ಏರುತ್ತದೆ, ದಾಟಿ ಹೋದಾಗ ಇಳಿಯುತ್ತದೆ. ಡಾಪ್ಲರ್ 1842ರಲ್ಲಿ ಹೇಳಿದ ಇದೇ ತತ್ವದಿಂದ ದೊಡ್ಡ ನಾಳದ ರಕ್ತದ ವೇಗ ಅಳೆಯುತ್ತಾರೆ. ಆದರೆ ಲೋಮನಾಳದಲ್ಲಿ ರಕ್ತ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟೂ ಓಡುವುದಿಲ್ಲ. ಉಸಿರಾಡುವಾಗ ಲಿವರೇ ಅದಕ್ಕಿಂತ ವೇಗವಾಗಿ ಅಲುಗುತ್ತದೆ. ಜಾತ್ರೆಯ ಗಲಾಟೆಯಲ್ಲಿ ಪಿಸುಮಾತು ಕೇಳಿಸೀತೇ? ಅದಕ್ಕೇ ಗುಳ್ಳೆ. ತೋಡಿನ ನೀರಿನ ಓಟ ಕಾಣದಿದ್ದರೆ ಒಂದು ಎಲೆ ಬಿಟ್ಟು ನೋಡುತ್ತೇವಲ್ಲ, ಹಾಗೆ.

ಆದರೆ ಅಷ್ಟು ಸಣ್ಣ ಎಲೆ ಕಾಣುವುದು ಹೇಗೆ? ಇಲ್ಲಿ ನಮಗೆ ಬಹಳ ಖುಷಿ ಕೊಟ್ಟ ಒಂದು ಸಂಗತಿ ಇದೆ. ಹರಿಯುವ ನೀರು ಜುಳುಜುಳು ಎನ್ನುವುದು ಅದರೊಳಗಿನ ಗಾಳಿಗುಳ್ಳೆಗಳು ಮಿಡಿಯುವುದರಿಂದ ಎಂದು ಮಿನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಮೇಲೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,000 ಸಲ ಮಿಡಿಯುತ್ತದೆ. ತ್ರಿಜ್ಯ ಸಾವಿರ ಪಾಲು ಚಿಕ್ಕದಾದರೆ ಮಿಡಿತ ಸಾವಿರ ಪಟ್ಟು, ಅಂದರೆ ಸುಮಾರು 30 ಲಕ್ಷ, 3 ಮೆಗಾಹರ್ಟ್ಸ್. ಪೊರೆಯಿಂದ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ. ಹೊಟ್ಟೆಯ ಸ್ಕ್ಯಾನಿಂಗಿಗೆ ಬಳಸುವ ಶ್ರವಣಾತೀತ ಶಬ್ದವೂ 2ರಿಂದ 5 ಮೆಗಾಹರ್ಟ್ಸಿನದ್ದೇ! ಲೋಮನಾಳದಲ್ಲಿ ಹಿಡಿಸುವ ಗುಳ್ಳೆಯೂ ಹೊಟ್ಟೆಯೊಳಗೆ ಹೋಗಿ ಬರುವ ಶಬ್ದವೂ ಒಂದೇ ಶ್ರುತಿಗೆ ಬಂದು ನಿಂತಿವೆ. ಶಬ್ದ ತಾಗಿದರೆ ಗುಳ್ಳೆ ಹಿಗ್ಗಿ ಕುಗ್ಗಿ ತಾನೇ ನುಡಿಯುತ್ತದೆ. ಹಿಗ್ಗುವುದು ಸಲೀಸು, ಕುಗ್ಗುವುದು ಕಷ್ಟ. ಹಾಗಾಗಿ ಮರಳುವ ಸ್ವರದಲ್ಲಿ ಕಳಿಸಿದ ಷಡ್ಜದ ಜೊತೆಗೆ ಮೇಲಿನ ಷಡ್ಜವೂ, ಎಂದರೆ ಎರಡು ಪಟ್ಟು ಆವೃತ್ತಿಯೂ, ಇರುತ್ತದೆ. ಮೆದುವಾದ ಶಬ್ದ ಕಳಿಸಿದರೆ ಮಾಂಸದಿಂದ ಆ ಮೇಲಿನ ಸ್ವರ ಹೆಚ್ಚುಕಡಿಮೆ ಬರುವುದೇ ಇಲ್ಲ. ಯಂತ್ರ ಅದನ್ನು ಮಾತ್ರ ಹೆಕ್ಕಿಕೊಂಡರೆ ಪರದೆಯ ಮೇಲೆ ಗುಳ್ಳೆಗಳಷ್ಟೇ ಉಳಿಯುತ್ತವೆ. ಗುಳ್ಳೆ ರಕ್ತನಾಳ ಬಿಟ್ಟು ಆಚೆ ಹೋಗುವುದಿಲ್ಲ, ಆದ್ದರಿಂದ ಗುಳ್ಳೆ ಎಲ್ಲಿಯೋ ರಕ್ತ ಅಲ್ಲಿ.

ಮಾಸ್ಟ್ರು ಯಕ್ಷಗಾನದ ಹುಚ್ಚಿನವರು. ಶ್ರುತಿಯ ಮಾತು ಬಂದದ್ದೇ ನೇರ ಕುಳಿತರು. "ಇದನ್ನು ಮೊದಲು ಕಂಡವರು ಯಾರು?"

1968ರಲ್ಲಿ ಅಮೆರಿಕದ ರೋಚೆಸ್ಟರಿನಲ್ಲಿ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬಿಬ್ಬರು ವರದಿ ಮಾಡಿದರು ಎಂದೆವು. ಹೃದಯದ ಪರೀಕ್ಷೆಗೆಂದು ಒಂದು ಹಸಿರು ಬಣ್ಣವನ್ನು ಚುಚ್ಚಿದಾಗ ಮಹಾಪಧಮನಿಯಲ್ಲಿ ಪ್ರತಿಧ್ವನಿಯ ಮೋಡ ಎದ್ದಿತು. ಅದು ಬಣ್ಣದ ಗುಣವಾಗಿರದೆ, ಚುಚ್ಚುವಾಗ ಹುಟ್ಟಿದ ಸಣ್ಣ ಗುಳ್ಳೆಗಳ ಕೆಲಸ ಎಂದು ಆಮೇಲೆ ತಿಳಿಯಿತು.

"ಸರಿ. ಕಂಡಿತು. ಅಳೆಯುವುದು ಹೇಗೆ?" ಇದು ಮೂರನೆಯ ಪ್ರಶ್ನೆ, ಗಣಿತದವರ ಪಾಲಿನದು. 1998ರಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದ ಕೆವಿನ್ ವೇ, ಸಂಜೀವ್ ಕೌಲ್ ಮತ್ತು ಸಂಗಡಿಗರು ಹೃದಯದ ಸ್ನಾಯುವಿಗಾಗಿ ಕೊಟ್ಟ ದಾರಿ ಇದು. ಗುಳ್ಳೆಯ ಔಷಧವನ್ನು ಒಂದೇ ಸಮನೆ ಹರಿಯಬಿಡಬೇಕು. ಪರದೆ ಬೆಳಗಿ ಒಂದು ಮಟ್ಟಕ್ಕೆ ನಿಂತ ಮೇಲೆ ಜೋರಾದ ಶಬ್ದದ ಒಂದು ಏಟು ಕೊಟ್ಟು ಆ ಜಾಗದ ಗುಳ್ಳೆಗಳನ್ನೆಲ್ಲ ಒಡೆಯಬೇಕು. ಪರದೆ ಕತ್ತಲಾಗುತ್ತದೆ. ಮತ್ತೆ ಮೆದು ಶಬ್ದದಲ್ಲಿ ಕಾಯಬೇಕು. ಹೊಸ ರಕ್ತದ ಜೊತೆ ಹೊಸ ಗುಳ್ಳೆ ಬಂದಂತೆ ಬೆಳಕು ಮರಳುತ್ತದೆ. ಅದು ಕೊನೆಗೆ ಎಷ್ಟು ಎತ್ತರಕ್ಕೆ ನಿಂತಿತು ಎನ್ನುವುದು ಅಲ್ಲಿ ಎಷ್ಟು ರಕ್ತ ಇದೆ ಎಂದು ಹೇಳುತ್ತದೆ. ಎಷ್ಟು ಬೇಗ ಏರಿತು ಎನ್ನುವುದು ರಕ್ತ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುತ್ತದೆ. ಎರಡನ್ನೂ ಗುಣಿಸಿದರೆ ಹರಿವು.

ಮಾಸ್ಟ್ರು ಕೈ ಎತ್ತಿ ನಿಲ್ಲಿಸಿದರು. "ಬಕೆಟು ತನ್ನಿ" ಎಂದರು.

ಅವರ ಮನೆಯ ಹಿಂದೆ ಗುಡ್ಡದಲ್ಲಿ ಅಜ್ಜನ ಕಾಲದಲ್ಲಿ ಕೊರೆದ ಸುರಂಗವಿದೆ. ಹೊರಗಿನ ಓದುಗರಿಗೆ ಹೇಳಬೇಕು: ನಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಆಳು ನುಗ್ಗುವಷ್ಟು ದಾರಿ ತೋಡಿ ನೀರು ಹೊರಡಿಸುತ್ತಾರೆ, ಪಂಪಿಲ್ಲದೆ ತಾನಾಗಿ ಹರಿದು ಬರುತ್ತದೆ. ಆ ನೀರು ಪೈಪಿನಲ್ಲಿ ಅಂಗಳಕ್ಕೆ ಬರುತ್ತದೆ. 10 ಲೀಟರಿನ ಬಕೆಟು ಇಟ್ಟೆವು. ತುಂಬಲು 5 ನಿಮಿಷ, ಅಂದರೆ ನಿಮಿಷಕ್ಕೆ 2 ಲೀಟರ್. ತುಂಬಿದ ಬಕೆಟಿಗೆ ಬಟ್ಟೆಯ ನೀಲಿ ಕದಡಿದೆವು. ನೀಲಿ ನೀರು ಎಂದರೆ ಗುಳ್ಳೆ ಒಡೆದ ರಕ್ತ. ಪೈಪಿನ ತಿಳಿನೀರು ಗುಳ್ಳೆ ಹೊತ್ತ ಹೊಸ ರಕ್ತ. ಪೈಪು ಬಿಟ್ಟು, ಕೋಲಿನಿಂದ ಕಲಕುತ್ತಾ, ನಿಮಿಷಕ್ಕೊಮ್ಮೆ ಒಂದು ಗ್ಲಾಸಿನಲ್ಲಿ ನೀರು ತೆಗೆದು ಸಾಲಾಗಿ ಇಟ್ಟೆವು. ಮೊದಲು ನೀಲಿ ಬೇಗ ತೆಳುವಾಯಿತು, ಬರಬರುತ್ತ ನಿಧಾನವಾಯಿತು. ಲೆಕ್ಕದ ಪ್ರಕಾರ 5 ನಿಮಿಷಕ್ಕೆ ಬಕೆಟಿನಲ್ಲಿ ಹೊಸ ನೀರಿನ ಪಾಲು ನೂರಕ್ಕೆ 63, ಹತ್ತಕ್ಕೆ 86, ಹದಿನೈದಕ್ಕೆ 95. 20 ಲೀಟರಿನ ಬಕೆಟು ಇಟ್ಟರೆ ಅದೇ 63 ಆಗಲು 10 ನಿಮಿಷ. ಬಕೆಟು ಎರಡು ಪಟ್ಟು, ಬೇಗ ಅರ್ಧ, ಗುಣಿಸಿದರೆ ಅದೇ 2 ಲೀಟರ್. ಪೈಪು ಬದಲಾಗಿಲ್ಲವಲ್ಲ!

ಒಂದು ಎಚ್ಚರಿಕೆಯನ್ನೂ ಸೇರಿಸಿದೆವು. ಬಕೆಟಿನಲ್ಲಿ ಲೀಟರ್ ಸಿಗುತ್ತದೆ, ಪರದೆಯಲ್ಲಿ ಸಿಗುವುದು ಬೆಳಕಿನ ಪ್ರಮಾಣ. ಆಳ ಹೆಚ್ಚಾದರೆ ಶಬ್ದ ಸೊರಗುತ್ತದೆ, ಯಂತ್ರದ ಹೊಂದಾಣಿಕೆ ಬದಲಾದರೆ ಬೆಳಕೂ ಬದಲಾಗುತ್ತದೆ. ಹಾಗಾಗಿ ಪಕ್ಕದ ಭಾಗದೊಂದಿಗೆ ಹೋಲಿಸಿ ನೋಡುವುದು ಹೆಚ್ಚು ಭದ್ರ.

ಮಾಸ್ಟ್ರು ಗ್ಲಾಸುಗಳ ಸಾಲನ್ನೇ ನೋಡುತ್ತಾ ಕುಳಿತಿದ್ದರು. "ಎಷ್ಟು ಉಂಟು ಎನ್ನುವುದು ಒಂದು. ಎಷ್ಟು ಬರುತ್ತಾ ಉಂಟು ಎನ್ನುವುದು ಇನ್ನೊಂದು" ಎಂದರು. ಆಮೇಲೆ ಪೆನ್ನು ಕೇಳಿದರು.

ಪರೀಕ್ಷೆಯ ದಿನ ಬೆಳಿಗ್ಗೆಯೇ ತಲಪಾಡಿ ದಾಟಿದೆವು. ಮಾತು ಕಡಿಮೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಡಾಕ್ಟರು ನಮ್ಮಲ್ಲಿ ಗಣಿತದವರನ್ನು ಮಾತ್ರ ಒಳಗೆ ಬಿಟ್ಟರು, ಉಳಿದ ನಾವು ಅಕ್ಕನ ಜೊತೆ ಹೊರಗಿನ ಬೆಂಚಿನಲ್ಲಿ. ಒಳಗಿನದ್ದನ್ನು ನಾವೆಲ್ಲ ಕಂಡದ್ದು ಅವರ ಕಣ್ಣಿನಿಂದಲೇ.

ಸಣ್ಣ ಬಾಟಲಿಯ ಬಿಳಿ ಪುಡಿಗೆ ಸಲೈನ್ ಹಾಕಿ ಚೆನ್ನಾಗಿ ಕುಲುಕಿದರು. ಹಾಲಿನಂತಾಯಿತು. ತೋಳಿನ ನಾಳಕ್ಕೆ ಕೊಟ್ಟು ಗಡಿಯಾರ ಒತ್ತಿದರು. ಪರದೆಯ ಒಂದು ಭಾಗದಲ್ಲಿ ಮಾಮೂಲಿ ಚಿತ್ರ, ಇನ್ನೊಂದು ಭಾಗ ಪೂರ್ತಿ ಕಪ್ಪು. ಹದಿನೈದು ಸೆಕೆಂಡಿನ ಹೊತ್ತಿಗೆ ಕಪ್ಪಿನಲ್ಲಿ ಕೊಂಬೆಗಳು ಮೂಡಿದವು.

ಲಿವರಿಗೆ ರಕ್ತ ಎರಡು ದಾರಿಯಿಂದ ಬರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅಪಧಮನಿಯಿಂದ ಸುಮಾರು ಕಾಲು ಭಾಗ, ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ ಮುಕ್ಕಾಲು ಭಾಗ. ಮೊದಲ ಅರ್ಧ ನಿಮಿಷ ಅಪಧಮನಿಯ ಸರದಿ, ಆಮೇಲೆ ಎರಡು ನಿಮಿಷದವರೆಗೆ ಪೋರ್ಟಲಿನದು. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ಅಪಧಮನಿಯ ರಕ್ತವನ್ನು ಗಬಗಬನೆ ಎಳೆದುಕೊಂಡು ಮೊದಲೇ ಬೆಳಗುತ್ತದೆ, ಒಂದು ನಿಮಿಷ ಕಳೆದ ಮೇಲೆ ಸುತ್ತಲಿನ ಲಿವರಿಗಿಂತ ಮಂಕಾಗುತ್ತದೆ. ಬೇರೆ ಕಡೆಯಿಂದ ಹರಡಿ ಬಂದದ್ದಾದರೆ ಒಂದು ನಿಮಿಷದೊಳಗೇ ಮಂಕಾಗುತ್ತದೆ. ಇದನ್ನೆಲ್ಲ ಓದಿಕೊಂಡಿದ್ದ ಗಣಿತದವರು ಗಂಟಿನ ಮೇಲೆ ಕಣ್ಣಿಟ್ಟು ಉಸಿರು ಹಿಡಿದಿದ್ದರಂತೆ.

ಗಂಟಿನ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಬೆಳಕು ಬಂತು. ನಡುವೆ ಕಪ್ಪು. ಅರವತ್ತು ಸೆಕೆಂಡು. ಮಣಿಗಳು ದಪ್ಪವಾದವು, ನಡುವೆ ಇನ್ನೂ ಕಪ್ಪು. ಎರಡು ನಿಮಿಷ. ಬೆಳಕು ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬುತ್ತಿತ್ತು. ಮೂರು, ನಾಲ್ಕು. ಮಂಕಾಗಲಿಲ್ಲ. ಬಾಟಲಿಯಲ್ಲಿ ಉಳಿದ ಪಾಲನ್ನೂ ಕೊಟ್ಟು ಡಾಕ್ಟರು ಒಮ್ಮೆ ಜೋರು ಶಬ್ದದ ಗುಂಡಿ ಒತ್ತಿದರು. ಎಲ್ಲ ಕತ್ತಲು. ಸುತ್ತಲಿನ ಲಿವರು ಕೆಲವೇ ಸೆಕೆಂಡಿನಲ್ಲಿ ಮತ್ತೆ ಬೆಳಗಿತು. ಗಂಟು ಮಾತ್ರ ಹಿಂದಿನಂತೆಯೇ ಅಂಚಿನಿಂದ, ಸಾವಕಾಶ.

ಹೊರಗೆ ನಮಗೆ ಇದು ಯಾವುದೂ ಗೊತ್ತಿಲ್ಲ. ಅಕ್ಕ ಒಮ್ಮೆ ಮಾತ್ರ ಕೇಳಿದರು: "ಈಗ ಗುಳ್ಳೆ ಎಲ್ಲಿಗೆ ಎತ್ತಿರಬಹುದು?" "ಉಸಿರಿನಲ್ಲಿ ಹೊರಗೆ ಬರುತ್ತಿರಬಹುದು, ಅಕ್ಕ" ಎಂದೆವು. ಅವರು ಮುಚ್ಚಿದ ಬಾಗಿಲನ್ನು ನೋಡಿದರು.

ಬಾಗಿಲು ತೆರೆದಾಗ ಮಾಸ್ಟ್ರು ಡಾಕ್ಟರಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ನಮ್ಮ ಕಿವಿಗೂ ಬಿತ್ತು. ನನಗೆ ಏನು ರೋಗ ಎಂದು ಅವರು ಕೇಳಲಿಲ್ಲ. "ಎಷ್ಟು ಬೇಗ ತುಂಬಿತು?" ಎಂದು ಕೇಳಿದರು.

"ನಿಧಾನಕ್ಕೆ, ಮಾಸ್ಟ್ರೇ" ಎಂದು ಡಾಕ್ಟರು ನಕ್ಕರು. ಅವರೂ ಮಾಸ್ಟ್ರೇ ಎಂದದ್ದು ನಮಗೆ ಇಷ್ಟವಾಯಿತು. ಅದು ಹೆಮಾಂಜಿಯೋಮಾ. ರಕ್ತನಾಳಗಳೇ ಸುತ್ತಿಕೊಂಡ ಒಂದು ಗಂಟು, ಕ್ಯಾನ್ಸರ್ ಅಲ್ಲ. ಲಿವರಿನ ನಿರಪಾಯದ ಗಂಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಇದೇ; ಎಷ್ಟೋ ಮಂದಿ ಅದನ್ನು ಇಟ್ಟುಕೊಂಡೇ ಗೊತ್ತಿಲ್ಲದೆ ಬಾಳುತ್ತಾರೆ. ಆರು ತಿಂಗಳು ಬಿಟ್ಟು ಒಮ್ಮೆ ಮಾಮೂಲಿ ಸ್ಕ್ಯಾನಿಂಗ್ ಮಾಡಿಸಿ ಎಂದರು. ರಕ್ತದ ಶೇಖರಣೆ ದೊಡ್ಡದು, ಹರಿವು ಸಣ್ಣದು. ದೊಡ್ಡ ಬಕೆಟು, ಸಪೂರ ಪೈಪು.

"ನನ್ನ ಲಿವರಿನಲ್ಲಿ ಒಂದು ಮದಕ ಉಂಟು ಮಾರಾಯ್ರೆ" ಎಂದು ಮಾಸ್ಟ್ರು ಅಕ್ಕನಿಗೆ ಹೇಳಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಮದಕವಾದರೆ ಇರಲಿ, ಬೇಸಿಗೆಗೆ ಆದೀತು" ಎಂದರು. ಅರ್ಧ ಗಂಟೆ ಕೂರಬೇಕಿತ್ತಲ್ಲ, ಅಷ್ಟರಲ್ಲಿ ನಾವು ಹೊರಗೆ ಹೋಗಿ ಎಲ್ಲರಿಗೂ ಚಾ ತಂದೆವು.

ಮುಂದಿನ ವಾರ ಮಾಸ್ಟ್ರು ಶಾಲೆಗೆ ಬಂದರು. ಹತ್ತನೆಯವರ ಎದುರು ಅದೇ ಬಕೆಟಿನ ಆಟ ಮತ್ತೆ ಆಡಿದೆವು. ಗ್ಲಾಸುಗಳ ಸಾಲು ನೋಡಿ ಮಕ್ಕಳು ಗ್ರಾಫ್ ಎಳೆದರು. ಆಮೇಲೆ ಮಾಸ್ಟ್ರು ಒಬ್ಬಳನ್ನು ಎಬ್ಬಿಸಿ, "ಕನ್ನಡದಲ್ಲಿ ಹೇಳು ನೋಡುವ" ಎಂದರು. ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿ ಅವಳು. ಒಂದು ಕ್ಷಣ ಯೋಚಿಸಿ, "ಗುಳ್ಳೆ ಒಡೆದು ಕತ್ತಲು ಮಾಡಿದರೆ, ಬೆಳಕು ಬರುವ ದಾರಿಯಲ್ಲಿ ರಕ್ತ ಕಾಣುತ್ತದೆ" ಎಂದಳು. ಮಾಸ್ಟ್ರು ಕೂತುಕೋ ಎಂದರು. ನಮ್ಮ ಕಾಲದಲ್ಲಿ ಅಷ್ಟು ಬೇಗ ಯಾರನ್ನೂ ಕೂರಿಸಿದ್ದು ನೆನಪಿಲ್ಲ.

ಹೋಗುವಾಗ ಅವರು ಹಾಜರಿ ಪುಸ್ತಕ ತಿರುವಿದರು. ಹತ್ತನೆಯಲ್ಲಿ ಮೂವತ್ತೊಂದು. "ಒಂದನೆಗೆ ಈ ಜೂನಿನಲ್ಲಿ ಎಷ್ಟು ಬಂದರು?" ಒಂಬತ್ತು ಎಂದೆವು. ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬಕೆಟು ಅಲ್ಲೇ ಬಾಗಿಲ ಬಳಿ ಇತ್ತು. ತುಂಬಿದ ಬಕೆಟು ನೋಡಿ ನೆಮ್ಮದಿಯಿಂದ ಇದ್ದೆವು ನಾವು, ಪೈಪಿನ ಕಡೆ ನೋಡಿರಲಿಲ್ಲ. ಈ ರಜೆಯಲ್ಲಿ ಮನೆಮನೆಗೆ ಹೋಗುವುದೆಂದು ಮೂವರೂ ತೀರ್ಮಾನಿಸಿದ್ದೇವೆ. ಮಾಸ್ಟ್ರೂ ಬರುತ್ತೇನೆ ಎಂದಿದ್ದಾರೆ.

ಕೊನೆಗೊಂದು ಮಾತು. ಈ ಪರೀಕ್ಷೆಗೆ ನಾವು ತರಗತಿಯಲ್ಲಿ 'ಕಿರುಗುಳ್ಳೆ ಪರೀಕ್ಷೆ' ಎಂಬ ಹೆಸರು ಇಟ್ಟುಕೊಂಡಿದ್ದೇವೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ದಯವಿಟ್ಟು ಶಾಲೆಗೆ ಬಂದು ಹೇಳಿ. ಮಾಸ್ಟ್ರು ಒಪ್ಪಿದರೆ ಬೋರ್ಡಿನ ಮೇಲೆ ಬರೆಯುತ್ತೇವೆ.